ಮಂಗಳವಾರದ ಸಭೆಗೆ ಹದಿನಾರರ ಅಧ್ಯಕ್ಷೆ

ಔಷಧಿ ಅಂಗಡಿಯ ಅಕ್ಕ ಊರಿನ ಸೇವಾ ಸಂಘದ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷವಾಗಿತ್ತು. ಪ್ರತಿ ಮಂಗಳವಾರ ಸಂಜೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಗ್ರಂಥಾಲಯದ ಮಹಡಿ ಹತ್ತಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನಡಾವಳಿ ಪುಸ್ತಕ ತೆರೆಯುತ್ತಿದ್ದರು. ಯಾರು ಏನಂದರು, ಯಾರು ಅನುಮೋದಿಸಿದರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಅವರ ಸ್ವಂತ ಮಾತು ಮಾತ್ರ ಒಂದೂ ಇರಲಿಲ್ಲ. ಸಭೆಯಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸಭೆಗಳಲ್ಲಿ ಕೆಲಸಕ್ಕಿಂತ ಹರಟೆಯೇ ಜಾಸ್ತಿ. ಬಸ್ ನಿಲ್ದಾಣದ ಬೆಂಚಿಗೆ ಹಸಿರು ಬಣ್ಣವೋ ನೀಲಿಯೋ ಎಂದು ನಾಲ್ಕು ಮಂಗಳವಾರ ಎಳೆದಾಡಿದ್ದರು. ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಮಾತಿಗೆ ನಿಂತರೆ ಅವರಿಗೆ ‘ವಿಶ್ರಾಮ್’ ಹೇಳುವವರು ಯಾರೂ ಇರಲಿಲ್ಲ.

ಆ ವರ್ಷ ಸಂಘ ಯುವ ಘಟಕ ಶುರು ಮಾಡಿತು. ಹದಿನಾಲ್ಕು ವಿದ್ಯಾರ್ಥಿಗಳು ಸೇರಿದರು. ಅವರನ್ನು ನೋಡಿಕೊಳ್ಳುವ ಹೊಣೆ ಅಕ್ಕನ ತಲೆಗೆ ಬಿತ್ತು.

“ಕುರ್ಚಿ ಹಾಕೋಕೆ, ಕರಪತ್ರ ಹಂಚೋಕೆ ಆಗ್ತಾರೆ ಬಿಡಿ,” ಎಂದರು ಮೇಷ್ಟ್ರು, ಮೆಟ್ಟಿಲಿಳಿಯುತ್ತಾ.

“ಕುರ್ಚಿ ಹಾಕೋದು ನಮಗೂ ಬರುತ್ತೆ ಮೇಷ್ಟ್ರೇ. ತಿಂಗಳಿಗೊಂದು ಸಭೆ ಅವರೇ ನಡೆಸ್ಲಿ,” ಎಂದರು ಅಕ್ಕ. ಮೇಷ್ಟ್ರು ನಕ್ಕು ಒಪ್ಪಿದರು.

ಮೊದಲ ಸಭೆಗೆ ಅಧ್ಯಕ್ಷೆಯಾದವಳು ಸೈಕಲ್ ರಿಪೇರಿಯವರ ಮಗಳು, ಹದಿನಾರು ವರ್ಷ. ಶಾಲೆ ಮುಂದೆ ಮಕ್ಕಳು ರಸ್ತೆ ದಾಟುವುದು ಹೇಗೆ ಎಂಬುದು ಅವಳ ವಿಷಯ. ಅವಳು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವರು ಮೂವರು ಒಟ್ಟಿಗೆ ಶುರು ಹಚ್ಚಿಕೊಂಡರು; ಮಾತು ಹೇಗೋ ಮತ್ತೆ ಬೆಂಚಿಗೆ ಹೋಯಿತು. ಹುಡುಗಿ ಕಣ್ಣು ತುಂಬಿಕೊಂಡು ಅಕ್ಕನ ಕಡೆ ನೋಡಿದಳು. ಅಕ್ಕ ಅದನ್ನು ಕಂಡೂ ತಲೆ ಬಗ್ಗಿಸಿ ಬರೆದರು: ‘ಅಧ್ಯಕ್ಷೆ ಮೂವರಿಗೆ ಸರದಿ ತಪ್ಪಿ ಮಾತಾಡಲು ಬಿಟ್ಟರು. ವಿಷಯ ತೀರ್ಮಾನವಾಗಲಿಲ್ಲ.’ ಕೊನೆಗೆ ಅದನ್ನೇ ಎಲ್ಲರಿಗೂ ಓದಿ ಹೇಳಿದರು.

ಮರುದಿನ ಹುಡುಗಿ ಅಂಗಡಿಗೆ ಬಂದಳು, ಮುಖ ಊದಿಸಿಕೊಂಡು.

“ಆಂಟಿ, ಹಾಗೇ ಬರೀಬೇಕಿತ್ತಾ?”

“ಮೇಷ್ಟ್ರು ತಪ್ಪಿದ್ರೂ ಹಾಗೇ ಬರೀತೀನಿ. ನೀನು ಚಿಕ್ಕವಳು ಅಂತ ಬಿಟ್ಟಿದ್ರೆ, ನಿನ್ನನ್ನ ಅಧ್ಯಕ್ಷೆ ಅಂತ ಒಪ್ಪಿದ ಹಾಗಾಗ್ತಿತ್ತಾ?”

ಹುಡುಗಿ ಗಾಜಿನ ಕಪಾಟಿಗೆ ಮೊಣಕೈ ಊರಿದಳು. “ಮೇಷ್ಟ್ರನ್ನ ಕೂರಿಸೋದು ಹೇಗೆ ಮತ್ತೆ?”

“ಅದು ನನಗೂ ಗೊತ್ತಿಲ್ಲ ಪುಟ್ಟಿ.”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ತಿಂಗಳು ಮತ್ತೆ ಅವಳೇ ಅಧ್ಯಕ್ಷೆ. ಹಟ ಹಿಡಿದು ಕೇಳಿಕೊಂಡಿದ್ದಳು. ಗೆಳತಿಯರ ಜೊತೆ ಒಂದು ವಾರ ಶಾಲೆಯೆದುರು ನಿಂತು, ಎಷ್ಟು ಮಕ್ಕಳು ದಾಟುತ್ತಾರೆ, ಎಷ್ಟು ಗಾಡಿ ನಿಲ್ಲುತ್ತವೆ ಎಂದು ಗುರುತು ಹಾಕಿಕೊಂಡು ಬಂದಿದ್ದಳು. “ಒಬ್ಬೊಬ್ಬರಿಗೆ ಎರಡು ನಿಮಿಷ,” ಎಂದು ಮೊದಲೇ ಹೇಳಿದಳು. ಮೇಷ್ಟ್ರು ಮೂರನೇ ನಿಮಿಷಕ್ಕೆ ಕಾಲಿಟ್ಟರು.

“ಸರ್, ನಿಮ್ಮ ಸಮಯ ಮುಗೀತು. ಕೂತ್ಕೊಳ್ಳಿ.”

ಮೇಷ್ಟ್ರು ಸುತ್ತ ನೋಡಿದರು. “ಆಯ್ತಮ್ಮ,” ಎಂದು ಕೂತರು.

ಹುಡುಗಿ ಕಿಟಕಿಯ ಕಡೆ ತಿರುಗಿದಳು. “ಕಾರ್ಯದರ್ಶಿಯವರು ಇನ್ನೂ ಮಾತಾಡಿಲ್ಲ. ನಿಮಗೇನು ಅನ್ಸುತ್ತೆ?”

ಅಕ್ಕನ ಪೆನ್ನು ನಿಂತಿತು. ಪುಸ್ತಕ ಮಡಚಿ ಎದ್ದು ನಿಂತರು. “ನಮ್ಮ ಅಂಗಡಿ ಬಾಗಿಲಿಗೆ ಆ ರಸ್ತೆ ಕಾಣುತ್ತೆ. ಬಿದ್ದು ಮಂಡಿ ತರಚಿಕೊಂಡ ಮಕ್ಕಳಿಗೆ ಪಟ್ಟಿ ಕಟ್ಟೋಳು ನಾನೇ. ದಿನಾ ಬೆಳಿಗ್ಗೆ ಸಂಜೆ ನಮ್ಮಲ್ಲಿಬ್ಬರು, ಯುವ ಘಟಕದಿಂದ ಇಬ್ಬರು ನಿಂತು ಮಕ್ಕಳನ್ನ ದಾಟಿಸಿದ್ರೆ ಸಾಕು. ಮೊದಲ ವಾರ ನಾನು ನಿಲ್ತೀನಿ.”

ಎಲ್ಲರೂ ಕೈಯೆತ್ತಿದರು. ಅಕ್ಕ ಕೂತು, ತುಸು ಯೋಚಿಸಿ, ‘ಕಾರ್ಯದರ್ಶಿ ಹೇಳಿದರು’ ಎಂದು ಬರೆದರು.

ಸೋಮವಾರದಿಂದಲೇ ಕಾವಲು ಶುರುವಾಯಿತು. ಎಲ್ಲರಿಗಿಂತ ಮೊದಲು ಬಂದವರು ಮೇಷ್ಟ್ರು, ಹಳೇ ಸೀಟಿ ಕೊರಳಿಗೆ ಹಾಕಿಕೊಂಡು. ಬೇಸಿಗೆ ರಜೆಯಲ್ಲಿ ಸಂಘ ಆ ಹುಡುಗಿಯನ್ನು ಯುವ ನಾಯಕತ್ವ ಶಿಬಿರಕ್ಕೆ ಕಳಿಸಿತು. ಈಗ ಸಭೆ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಅಕ್ಕ ಮನೆಗೆ ಹೋಗಲು ಅವಸರ ಮಾಡುವುದಿಲ್ಲ. ಗ್ರಂಥಾಲಯದ ಮೆಟ್ಟಿಲ ಮೇಲೆ ಮಕ್ಕಳ ನಡುವೆ ಕೂತು, ಮುಂದಿನ ತಿಂಗಳ ಅಧ್ಯಕ್ಷರು ಯಾರೆಂಬ ಅವರ ಜಗಳ ಕೇಳುತ್ತಾ ನಗುತ್ತಿರುತ್ತಾರೆ.