ಮಗ್ಗದ ತೆಗ್ಗಿನ್ಯಾಗಿನ ಗುಳಿಗಿ ಬಾಟ್ಲಿ

ನನ್ನ ಸಿಟ್ಟು ಮೂಗಿನ ತುದಿ ಮ್ಯಾಲಿನ ಸಿಟ್ಟು. ಇದನ್ನ ಮೊದಲ ಹೇಳಿಬಿಡ್ತೇನಿ, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಬನಹಟ್ಟಿ ನೇಕಾರರ ಓಣ್ಯಾಗಿನ ಒಂದು ಸಣ್ಣ ದವಾಖಾನ್ಯಾಗ ನಾ ಕಂಪೌಂಡರ್ ಆಗಿದ್ನಿ. ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಂದು ಎರಡ್ಮೂರು ವರ್ಷ ಆಗಿತ್ತು. ಮುಧೋಳದಿಂದ ಬಂದಾಂವ, ಮದುವಿ ಇನ್ನೂ ಆಗಿರಲಿಲ್ಲ. ಹಿಂಗಾಗಿ ನನ್ನ ಪ್ರೀತಿ ಎಲ್ಲಾ ದವಾಖಾನಿ ಡಬ್ಬಿಗಳ ಮ್ಯಾಲ, ಸಿಟ್ಟೆಲ್ಲಾ ಅವನ್ನ ಮುಟ್ಟಾಕ ಬಂದವರ ಮ್ಯಾಲ.

ಅದರಾಗೂ ಆಸ್ಪಿರಿನ್ ಡಬ್ಬಿ ಅಂದ್ರ ನನಗ ಜೀವ. ಆಗ ಗುಳಿಗಿ ಈಗಿನಂಗ ಬೆಳ್ಳಿ ಹಾಳಿ ಪಟ್ಟಿಯೊಳಗ ಕೂತು ಬರ್ತಿರಲಿಲ್ಲ. ದೊಡ್ಡ ಡಬ್ಬಿಯೊಳಗ ಬಿಡಿ ಗುಳಿಗಿ, ಮ್ಯಾಲೊಂದು ಹತ್ತಿ ಉಂಡಿ. ಮಂದಿ ಮನಿಯಿಂದ ಬಾಟ್ಲಿ ತರ್ತಿದ್ರು, ನಾ ಎಣಿಸಿ ಹಾಕತಿದ್ನಿ. ಕೈಯಿಂದ ಅಲ್ಲ ಮತ್ತ, ಒಣಾ ಚಮಚಾದಿಂದ. ಬಾಟ್ಲಿ ತೊಳದು ಹಸೀದ ತಂದವರನ್ನ ಹಂಗ ಹೊಳ್ಳಿ ಕಳಸ್ತಿದ್ನಿ. ಒಮ್ಮೆ ಡಾಕ್ಟರ್ ಸಾಹೇಬ್ರು ಕೈ ತೊಳಕೊಂಡು ಒರಿಸಿಕೊಳ್ಳದ ಡಬ್ಬಿಗೆ ಕೈ ಹಾಕಾಕ ಬಂದ್ರು. ಅವರ ಕೈಯನ್ನೂ ಹಿಡದ್ನಿ. ಅವರು ದೊಡ್ಡ ಮನಷ್ಯಾ, ನಕ್ಕು ಸುಮ್ಮನಾದ್ರು.

ಈ ವಿದ್ಯೆ ನನಗ ಕಲಿಸಿದವರು ಜಮಖಂಡ್ಯಾಗಿನ ಒಬ್ಬ ಮುದುಕ ಕಂಪೌಂಡರ್. ಈ ಗುಳಿಗಿಗೆ ವೈರಿ ಅಂದ್ರ ನೀರು, ಹಸಿ ತಾಗಿತಂದ್ರ ಒಳಗಿಂದೊಳಗ ಕೆಡತೈತಿ, ಸಿರ್ಕಾದಂಥಾ ಹುಳಿ ವಾಸನಿ ಹೊಡೀತೈತಿ, ಬ್ಯಾನಿನೂ ಕಳಿಯೂದಿಲ್ಲ, ಮ್ಯಾಲ ಹೊಟ್ಟಿ ಸುಡತೈತಿ ಅಂತ ಅವರು ಹೇಳಿಕೊಟ್ಟಿದ್ರು. ಅದಕ್ಕ ದಿನಾ ಮುಂಜಾನೆ ಬಾಗಿಲಾ ತಗದ ಕೂಡಲೇ ನಾ ಮಾಡೂ ಮೊದಲನೇ ಕೆಲಸ ಅಂದ್ರ ಡಬ್ಬಿ ಮೂಸಿ ನೋಡೂದು. ಓಣ್ಯಾಗಿನ ಹೆಣ್ಣಮಕ್ಕಳು ಅದನ್ನ ಕಂಡು, ಇವರು ದೇವರಿಗೆ ಊದಿನಕಡ್ಡಿ ಹಚ್ಚೂದು ಬಿಟ್ಟು ಡಬ್ಬಿ ಮೂಸತಾರ ಅಂತ ಚಾಷ್ಟಿ ಮಾಡತಿದ್ರು. ಮಾಡವಲ್ರ್ಯಾಕ, ನನ್ನ ಡಬ್ಬ್ಯಾಗ ಒಂದೂ ಗುಳಿಗಿ ಕೆಟ್ಟಿದ್ದಿಲ್ಲ.

ನನ್ನ ಬಾಡಿಗಿ ಖೋಲಿ ಎದುರಿಗೆ ಒಬ್ರು ಕಾಕಾ ಇದ್ರು. ನಮ್ಮ ಸಂಬಂಧಿಕರಲ್ಲ, ಓಣಿಗೆಲ್ಲಾ ಅವರು ಕಾಕಾನ, ಅವರ ಹೇಣ್ತಿ ಕಾಕೂನ. ಅರವತ್ತು ದಾಟಿದ್ರೂ ಸೀರಿ ನೇಯತಿದ್ರು. ಊರಾಗ ಕರೆಂಟಿನ ಮಗ್ಗ ಬರಾಕತ್ತಿದ್ರೂ ಅವರದು ಹಳೇ ಕುಣಿಮಗ್ಗ. ನೆಲದಾಗ ತೆಗ್ಗು ತೋಡಿ, ಅದರಾಗ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗಿ ತುಳಕೋಂತ ನೇಯೂದು. ಹನ್ನೆರಡನೇ ವಯಸ್ಸಿಗೆ ಆ ತೆಗ್ಗಿನ್ಯಾಗ ಇಳದಾಂವ, ಊಟಕ್ಕ ಅಷ್ಟ ಮ್ಯಾಲ ಬರ್ತೇನಿ ಅಂತ ಅವರ ಹೇಳತಿದ್ರು. ಸೊಂಟ ಹಿಡೀದ ಬಿಡತೈತೇನು? ಮಣಕಾಲೂ ಹಿಡದಿದ್ವು. ಡಾಕ್ಟರ್ ಸಾಹೇಬ್ರು ಉಂಡ ಮ್ಯಾಲ ಒಂದೊಂದು ಆಸ್ಪಿರಿನ್ ತಗೋರಿ ಅಂದ್ರು. ಚಳಿಗಾಲದಾಗ ಸುರು ಆದದ್ದು, ಎಂಟ ದಿನದಾಗ ಕಾಕಾನ ಮುಖಾ ಅರಳಿತ್ತು. ನನ್ನ ಕಂಡಲ್ಲೆಲ್ಲಾ, ನಿಮ್ಮ ಕೈಗುಣ ಛಲೋ ಐತಿ ನೋಡ್ರಿ ಅಂತಿದ್ರು. ಗುಳಿಗಿ ಬರದಾಂವ ಡಾಕ್ಟರ್, ಮಾಡಿದ್ದು ಯಾವುದೋ ಕಂಪನಿ, ಕೈಗುಣ ಮಾತ್ರ ನನ್ನದು. ನಾ ಬ್ಯಾಡ ಅನ್ನಲಿಲ್ಲ.

ಬ್ಯಾಸಗಿ ಬಂತು. ನಮ್ಮ ಕಡೆ ಬ್ಯಾಸಗಿ ನಿಮಗೇನು ಹೇಳೂದು, ಹಂಚಿನ ಮ್ಯಾಲ ರೊಟ್ಟಿ ಹಾಕಿದಂಗ ಊರು ಕಾಯತೈತಿ. ತಗಡಿನ ಮಾಡಿನ ಮನ್ಯಾಗ ಗುಳಿಗಿ ಇಟ್ರ ಕೆಟ್ಟಾವಂತ ನನಗ ಚಿಂತಿ ಹತ್ತಿತು. ಬಂದಬಂದವರಿಗೆಲ್ಲಾ ಹೊಸಾ ಉಪದೇಶ ಸುರು ಮಾಡಿದ್ನಿ. ಮನ್ಯಾಗ ಎಲ್ಲಿ ಭಾಳ ತಂಪು ಇರತೈತಿ ಅಲ್ಲಿ ಇಡ್ರಿ, ಬಿಸಲು ಬಡೀಬಾರದು, ಹುಡುಗರ ಕೈಗೆ ಸಿಗಬಾರದು. ಒಣಗಿದ ಜಾಗಾ ಇರಬೇಕು ಅನ್ನೂ ಮಾತು ಹೇಳಲಿಲ್ಲ. ಬಾಟ್ಲಿ ಹಸೀ ಇದ್ರ ಬಡ್ಯಾಕ ಹೋಗತಿದ್ದಾಂವ ನಾನು, ಆದ್ರ ಉರಿಬಿಸಲಾಗ ಬನಹಟ್ಟ್ಯಾಗ ಹಸಿ ಎಲ್ಲಿಂದ ಬರಬೇಕು ಅಂತ ತಿಳಕೊಂಡಿದ್ನಿ. ಮಂದಿ ಹೂಂ ಹೂಂ ಅಂತ ಕತ್ತು ಹಾಕಿ ಹೋಗತಿದ್ರು. ನನಗೂ ಖುಷಿ, ನನ್ನ ಮಾತು ಕೇಳತಾರಂತ.

ಯುಗಾದಿ ಆಗಿ ಒಂದು ತಿಂಗಳಿಗೆ ಕಾಕಾ ಗೋಣು ಹಾಕ್ಕೊಂಡು ಬಂದ್ರು. ಗುಳಿಗಿ ನಡಿಯವಲ್ದು ಅಂದ್ರು. ನಾ ಇನ್ನೊಂದು ತಿಂಗಳದ್ದು ಎಣಿಸಿ ಕೊಟ್ಟು ಕಳಿಸಿದ್ನಿ. ಹದಿನೈದು ದಿನಕ್ಕ ಮತ್ತ ಬಂದ್ರು. ಒಂದರಿಂದ ಆಗವಲ್ದಂತ ಎರಡು, ಎರಡರಿಂದ ಆಗವಲ್ದಂತ ಮೂರು ನುಂಗಾಕತ್ತಿದ್ರಂತ, ಈಗ ಹೊಟ್ಟ್ಯಾಗ ಬೆಂಕಿ ಇಟ್ಟಂಗ ಆಗತೈತಂತ. ನನ್ನ ಸಿಟ್ಟು ಏರಿತು. ಯಾರನ್ನ ಕೇಳಿ ಮೂರು ತಗೊಂಡ್ರಿ, ಇದೇನು ಪುಠಾಣಿ ಏನ್ರಿ ಮುಕ್ಕಾಕ ಅಂತ ಮಂದಿ ಮುಂದ ಬೈದ್ನಿ. ಗುಳಿಗೀನ ಖೊಟ್ಟಿ ಇರಬಹುದೇನ್ರಿ ಅಂತ ಕಾಕಾ ಸಾವಕಾಶ ಕೇಳಿದ್ರು. ಅಷ್ಟ ಸಾಕಾತು ನನಗ. ಡಬ್ಬಿ ತಂದು ಅವರ ಮೂಗಿಗೆ ಹಿಡದ್ನಿ. ಅದರಾಗ ಏನೂ ವಾಸನಿ ಇರಲಿಲ್ಲ.

ಡಾಕ್ಟರ್ ಸಾಹೇಬ್ರು ಅವರ ಹೊಟ್ಟಿ ಒತ್ತಿ ನೋಡಿ, ಗುಳಿಗಿ ಪೂರಾ ಬಂದ್ ಮಾಡಿಸಿ, ಹೊಟ್ಟಿಗೆ ಬ್ಯಾರೆ ಔಷಧ ಕೊಟ್ರು. ಕಾಕಾ ಹೋದ ಮ್ಯಾಲ, ಇಷ್ಟಕ್ಕೂ ಬ್ಯಾನಿ ಕೇಳವಲ್ದಂದ್ರ ಅವರ ಕೆಲಸದ ಕಾಲ ಮುಗದಿರಬೇಕು ಅಂದ್ರು. ಇರಬೇಕು ಅಂದಿದ್ರು ಅವರು, ಮುಗೀತು ಅಂದಿರಲಿಲ್ಲ. ನಾ ಸಂಜೀಕ ಕಾಕಾನ ಕಟ್ಟಿ ಮ್ಯಾಲ ಕೂತು, ನಾನ ದೊಡ್ಡ ಡಾಕ್ಟರ್ ಆದವನಂಗ, ಇನ್ನ ಮಗ್ಗಾ ಬಿಡ್ರಿ ಕಾಕಾ, ನಿಮ್ಮ ಸೊಂಟದ ಕೆಲಸಾ ಮುಗೀತು ಅಂತ ಹೇಳಿ ಬಂದ್ನಿ. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗ.

ಕಾಕಾ ಒಂದ ಮಾತು ಕೇಳಿದ್ರು, "ಮಗ್ಗದಿಂದ ಎದ್ದ್ರ ನಾ ಎಲ್ಲಿ ಕೂಡಲಿರಿ?" ಕಟ್ಟಿ ಮ್ಯಾಲ ಕೂಡ್ರಿ, ಆರಾಮ ಇರ್ರಿ ಅಂದ್ನಿ. ಅವರು ಕಟ್ಟೀನ ಒಮ್ಮೆ ನೋಡಿದ್ರು, ಅಷ್ಟ. ಅದು ಅವರ ಜಾಗಾ ಅಲ್ಲ ಅಂತ ನನಗೂ ಗೊತ್ತಿತ್ತು. ಆದ್ರ ಹೇಳಿದ ಮಾತು ಹೊಳ್ಳಿ ತಗೊಳ್ಳೂದು ನನ್ನ ಜಾಯಮಾನದಾಗ ಇರಲಿಲ್ಲ.

ಅವರು ಮಗ್ಗಾ ಕೊಟ್ಟಬಿಡಾಕ ನಿರ್ಧಾರ ಮಾಡಿದ್ರು. ತೇರದಾಳದ ಒಬ್ಬ ನೇಕಾರಗ ಹೇಳಿ ಕಳಿಸಿದ್ರು. ಅವ ಒಂದು ಗುರುವಾರ ಮುಂಜಾನೆ ಬಸ್ಸಿಗೆ ಬಂದ, ಬಿಚ್ಚಾಕ ಹಗ್ಗ ಸಾಮಾನು ಎಲ್ಲಾ ತಂದಿದ್ದ. ನಾನೂ ಕೈಗೂಡಸೂನಂತ ಹೋದ್ನಿ. ಕಾಕಾ ಮೂಲ್ಯಾಗ ಗ್ವಾಡಿಗೆ ಆತು ಕೂತಿದ್ರು, ಮಗ್ಗದ ಕಡೆ ಮುಖಾ ಮಾಡಿರಲಿಲ್ಲ. ಕಾಕೂ ಮಾತ್ರ ಎಲ್ಲಾರಿಗೂ ಚಾ ಕೊಟ್ಟು, ಬಿಚ್ಚೂಕಿಂತ ಮೊದಲ ಅವರ ಸಾಮಾನು ಅಷ್ಟು ತಗದು ಕೊಡ್ರಿ, ಅವರ ಕೈಲೆ ಇಳ್ಯಾಕ ಆಗೂದಿಲ್ಲ ಅಂತ ನನಗ ಅಂದ್ರು.

ನಾ ತೆಗ್ಗಿನ್ಯಾಗ ಇಳದ್ನಿ. ಹೊರಗ ಕಾಲಿಟ್ರ ಸುಡೂ ನೆಲ, ಇಲ್ಲಿ ಇಳದ ಕೂಡಲೇ ಅಂಗಾಲು ತಣ್ಣಗಾದ್ವು. ಹಾಯ್ ಅನಸ್ತು. ನೆಲ ಕೈಗೆ ಮೆತ್ತಗ ಹತ್ತಿತು. ಬ್ಯಾಸಗ್ಯಾಗ ನೂಲು ಒಣಗಿ ಪಟಪಟ ಹರೀತೈತಿ, ಅದಕ್ಕ ಕಾಕೂ ದಿನಾ ಎರಡು ಹೊತ್ತು ತೆಗ್ಗಿಗೆ ನೀರು ಚಿಮಕಸ್ತಿದ್ರು. ಓಣ್ಯಾಗಿನ ಎಲ್ಲಾ ಮನ್ಯಾಗೂ ಇದ ಪದ್ಧತಿ, ಬಿಸಲು ಜಾಸ್ತಿ ಆದಂಗೆಲ್ಲಾ ನೀರು ಜಾಸ್ತಿ. ತೆಗ್ಗಿನ ಗ್ವಾಡ್ಯಾಗ ಕೈಗೆ ಸಿಗೂವಂಗ ಒಂದು ಸಣ್ಣ ಮಾಡ ಇತ್ತು. ಅದರಾಗಿನ ಎರಡು ಲಾಳಿ, ಒಂದು ಕತ್ತರಿ, ಅಡಕಿ ಚೀಲ ತಗದು ಮ್ಯಾಲ ಕೊಟ್ನಿ. ಅವುಗಳ ಹಿಂದ ನಾ ಎಣಿಸಿ ಕೊಟ್ಟ ಗುಳಿಗಿ ಬಾಟ್ಲಿ ಇತ್ತು.

ಮುಚ್ಚಳಾ ತಗದ ಕೂಡಲೇ ಮೂಗಿಗೆ ಬಡೀತು ಸಿರ್ಕಾ. ಅಂಗೈ ಮ್ಯಾಲ ಸುರವಿಕೊಂಡು ನೋಡ್ತೇನಿ, ಗುಳಿಗಿ ಉಬ್ಬಿ, ಮ್ಯಾಲ ಸಣ್ಣ ಸೂಜಿಯಂಥಾ ಹರಳು ಎದ್ದಾವು. ಹಿಡದ್ರ ಪುಡಿಪುಡಿ. ಬುದ್ಧಿ ಐತೇನ್ರಿ ನಿಮಗ, ಯಾರು ಇಡಂದ್ರು ಇದನ್ನ ಇಲ್ಲಿ ಅಂತ ತೆಗ್ಗಿನ್ಯಾಗ ನಿಂತ ಒದರಿದ್ನಿ.

ಕಾಕೂ ಹೆದರಲಿಲ್ಲ. ಚಾದ ಬಟ್ಟಲಾ ಕೆಳಗಿಟ್ಟು, "ನೀವ ಅಲ್ಲೇನ್ರಿ ಹೇಳಿದವರು? ಮೊದಲ ನಾ ಹಪ್ಪಳದ ಡಬ್ಬಿ ಬಾಜೂಕ, ಮ್ಯಾಲಿನ ಹಲಗಿ ಮ್ಯಾಲ ಇಟ್ಟಿದ್ನಿ. ಮನ್ಯಾಗ ಎಲ್ಲಿ ಭಾಳ ತಂಪೈತಿ ಅಲ್ಲಿಡ್ರಿ ಅಂದ್ರಿ. ನೇಕಾರರ ಮನ್ಯಾಗ ಇದಕ್ಕಿಂತ ತಂಪು ಯಾವುದೈತಿ ತೋರಸ್ರಿ" ಅಂದ್ರು.

ಭೂಮಿ ಬಾಯಿ ತೆರದು ನುಂಗಬಾರದ ಅನಸ್ತು. ಅರ್ಧಾ ನುಂಗಿತ್ತು ಬಿಡ್ರಿ, ಸೊಂಟದ ಮಟಾ ತೆಗ್ಗಿನ್ಯಾಗ ಇದ್ನಿ. ಇಷ್ಟು ಹುಳಿ ವಾಸನಿ ಬರತೈತಲ್ಲ, ತಿಳೀಲಿಲ್ಲೇನು ಅಂತ ದನಿ ಇಳಿಸಿ ಕೇಳಿದ್ನಿ. ಅದಕ್ಕೂ ಅವರ ಹಂತ್ಯಾಕ ಉತ್ತರಾ ಇತ್ತು. ನೂಲಿಗೆ ಹಚ್ಚೂ ಗಂಜಿ ಮೂಲ್ಯಾಗ ಹುಳಿ ಆಗಿ ಕೂತಿರತೈತಿ, ಇಡೀ ಓಣೀನ ಹುಳಿ ವಾಸನಿ, ಅದರಾಗ ಗುಳಿಗೀದು ಯಾವುದು ಗಂಜೀದು ಯಾವುದು ಅಂತ ಹೆಂಗ ತಿಳೀಬೇಕ್ರಿ ಅಂದ್ರು. ಅಷ್ಟ ಅಲ್ಲ, ಉಪ್ಪಿನಕಾಯಿ ಹಂಗ ಇದೂ ಮಾಗಿ ಕಸುವು ಬರಾಕತ್ತೈತಿ ಅಂತ ಅವರು ತಿಳಕೊಂಡಿದ್ರಂತ. ತೇರದಾಳದಾಂವ ಬಿದ್ದು ಬಿದ್ದು ನಕ್ಕ.

ಕಾಕಾ ನಗಲಿಲ್ಲ. ಗ್ವಾಡಿ ಹಿಡಕೊಂಡು ಎದ್ದು, ತೆಗ್ಗಿನ ದಂಡಿಗೆ ಬಂದು, ನನ್ನ ಅಂಗೈ ಮ್ಯಾಲಿನ ಪುಡಿ ನೋಡಿದ್ರು. "ಅಂದ್ರ ಕೆಟ್ಟದ್ದು ಇದು. ನಾ ಅಲ್ಲ?"

ಸಣ್ಣ ಹುಡುಗ ಪರೀಕ್ಷಾದಾಗ ಪಾಸ ಆದ್ನ್ಯಾ ಅಂತ ಕೇಳಿದಂಗ ಇತ್ತು ಆ ದನಿ. ಅಲ್ಲ ಕಾಕಾ, ನೀವಲ್ಲ, ತಪ್ಪು ನಂದ ಅಂದ್ನಿ. ಹುಟ್ಟಿದಾಗಿಂದ ಆ ಮಾತು ಯಾರ ಮುಂದೂ ಅಂದಾಂವ ಅಲ್ಲ ನಾ.

ತೇರದಾಳದವಗ ಎಂಟ ದಿನ ತಡೀಪಾ ಅಂತ ಕೈ ಮುಗದು ಹೇಳಿದ್ವಿ. ಛಲೋ ಮನಷ್ಯಾ, ಕಾಕೂ ಮಾಡಿದ ಜುಣಕಾ ರೊಟ್ಟಿ ಹೊಡದು ಸಂಜಿ ಬಸ್ಸಿಗೆ ಹೋದ. ಡಾಕ್ಟರ್ ಸಾಹೇಬ್ರು ಮೊದಲ ಹೊಟ್ಟಿ ಉರಿ ಪೂರಾ ಆರಿತೇನು ಅಂತ ನೋಡಿದ್ರು, ಆಮ್ಯಾಲ ಊಟ ಆದ ಮ್ಯಾಲ ಒಂದ ಒಂದು, ಅದೂ ಹೊಸಾ ಡಬ್ಬಿಯಿಂದ ಅಂದ್ರು. ಈ ಸಲ ನಾ ಬಾಟ್ಲಿ ಹಿಡಕೊಂಡು ಅವರ ಮನಿಗೆ ಹೋಗಿ, ಎಲ್ಲಿಡೂದು ಅಂತ ಕಾಕೂನ್ನ ಕೇಳಿದ್ನಿ. ಅವರು ಸೀದಾ ಮ್ಯಾಲಿನ ಹಲಗಿ ತೋರಿಸಿದ್ರು, ಮಳಿಗಾಲದಾಗೂ ಅಲ್ಲಿ ಹಪ್ಪಳ ಮೆತ್ತಗಾಗೂದಿಲ್ಲಂತ. ಹುಡುಗರ ಕೈಗೆ ಎಟಕೂದಿಲ್ಲ, ಒಲಿ ದೂರ, ಬಿಸಲು ಬಡಿಯೂದಿಲ್ಲ. ನಾ ಇಷ್ಟು ವರ್ಷ ಕಲತದ್ದೆಲ್ಲಾ ಆ ಹಲಗಿ ಮ್ಯಾಲ ಮೊದಲಿಂದನೂ ಇತ್ತು. ಅವತ್ತಿನಿಂದ ಓಣಿ ಮಂದಿಗೆಲ್ಲಾ ಹಪ್ಪಳ ಇಡೂ ಜಾಗಾದಾಗ ಇಡ್ರಿ, ಆದ್ರ ಬಾಟ್ಲಿ ಬ್ಯಾರೆ ಇರಲಿ, ಹಪ್ಪಳದ ಡಬ್ಬಿಯೊಳಗ ಹಾಕಬ್ಯಾಡ್ರಿ ಅಂತ ಹೇಳಾಕತ್ತಿದ್ನಿ. ಎಲ್ಲಾರಿಗೂ ತಿಳೀತು.

ಎಂಟ ದಿನ ಬಿಟ್ಟು ತೇರದಾಳದಾಂವ ಮತ್ತ ಹಗ್ಗ ತಗೊಂಡು ಬಂದ. ನಾ ಹಿಂದ ಹಿಂದ ಹೋದ್ನಿ. ಕಾಕಾ ತೆಗ್ಗಿನ್ಯಾಗ ಇದ್ರು. ನಮ್ಮನ್ನ ಕಂಡು ಎರಡೂ ಕೈ ದಂಡಿಗೆ ಊರಿ, ಯಾರನ್ನೂ ಕರೀದ ಮ್ಯಾಲ ಎದ್ದು ಬಂದ್ರು. ಬ್ಯಾನಿ ಪೂರಾ ಹೋಗಿರಲಿಲ್ಲ, ಒಂದು ಕಾಲು ಎಳೀತಿದ್ರು, ಆದ್ರ ಮುಖದಾಗ ನಗು ಹಿಡಸವಲ್ದು. ತೇರದಾಳದಾಂವ ಹಗ್ಗ ಹೆಗಲಿಗೆ ಹಾಕ್ಕೊಂಡು, ನನಗೇನು, ರೊಟ್ಟಿ ಸಿಕ್ರ ಸಾಕು ಅಂದ.

ರೊಟ್ಟಿ ತಿನ್ನೂ ಮುಂದ ಕಾಕಾ ನನ್ನ ಬೆನ್ನ ಮ್ಯಾಲ ಕೈ ಇಟ್ಟು, ನಿಮ್ಮ ಮಾತಿಗೆ ನಾ ಮಗ್ಗಾ ಕೊಟ್ಟಬಿಡ್ತಿದ್ನಿ ನೋಡ್ರಿ ಅಂತ ನಕ್ಕೋಂತ ಅಂದ್ರು. ಅವರ ದನ್ಯಾಗ ಒಂದೀಟೂ ಸಿಟ್ಟು ಇರಲಿಲ್ಲ. ನನ್ನ ಮ್ಯಾಲ ಅಷ್ಟು ನಂಬಿಗಿ ಇತ್ತು ಅವರಿಗೆ, ಖುಷೀಲೆ ಹೇಳಿದ್ರು. ಆಮ್ಯಾಲ ಅವರು ಒಂಬತ್ತು ವರ್ಷ ನೇಯ್ದ್ರು. ಆ ಒಂಬತ್ತು ವರ್ಷ ನಾ ಒಂದು ಸಂಜಿ ಕಟ್ಟಿ ಮ್ಯಾಲ ಕೂತು ಅವರಿಂದ ಕಸಗೊಂಡಬಿಡ್ತಿದ್ನಿ.