ಒಂದೇ ಕಡೆಯ ಹಳದಿ

ನನ್ನ ಭಾವನನ್ನು ಊರವರೆಲ್ಲ ಕರೆಯುವುದು ಹಳದಿ ಮೇಷ್ಟ್ರು ಎಂದು. ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಆದರೆ ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿಕೊಂಡು, ಬೂಟಿನ ದಾರ ಹೇಗೆ ಬಿಗಿಯಬೇಕು, ಗಾಳಿ ಜೋರಾದಾಗ ಬಂಡೆಯಂಚಿನಿಂದ ಎಷ್ಟು ಹೆಜ್ಜೆ ಒಳಗೆ ನಡೆಯಬೇಕು ಎಂದು ಅರ್ಧ ಗಂಟೆ ಕೊರೆಯುತ್ತಾರೆ. ಮೇಷ್ಟ್ರು ಎನ್ನುವುದು ಅದಕ್ಕೆ. ಹಳದಿ ಎನ್ನುವುದು ಅವರ ಉಗುರುಗಳಿಗೆ. ಅಲ್ಲಿ ಹಳದಿ ಬಣ್ಣ ಅಂಟಿರದ ದಿನವನ್ನು ನಾನು ನೋಡಿಲ್ಲ. ಅಕ್ಕನ ಮದುವೆಯ ಫೋಟೋದಲ್ಲೂ ಅದು ಚೆನ್ನಾಗಿ ಕಾಣುತ್ತದೆ, ಅಕ್ಕನ ಮುಖಕ್ಕಿಂತ ಚೆನ್ನಾಗಿ.

ಅವರದು ಕಾಲುದಾರಿಯ ಕೆಲಸ. ದಕ್ಷಿಣಕ್ಕೆ ಅವರ ಮನೆಯಿರುವ ಬಂದರು, ಉತ್ತರಕ್ಕೆ ಬಸ್ ನಿಲ್ದಾಣದ ಎದುರಿನ ನನ್ನ ವಸತಿಗೃಹ. ನಡುವೆ ಹನ್ನೊಂದು ಕಿಲೋಮೀಟರ್ ಕಡಲಂಚಿನ ದಾರಿ. ಬಂಡೆ ಹತ್ತಿ ಇಳಿದು, ಅಲ್ಲಲ್ಲಿ ಕಡಲು ಬಿಟ್ಟು ಒಳಗಿನ ಹೊಲ, ಹುಲ್ಲುಗಾವಲು, ಕಲ್ಲಿನ ಗೋಡೆಗಳ ನಡುವೆ ಸುತ್ತಿ ಮತ್ತೆ ಕಡಲಿಗೇ ಬಂದು ಸೇರುತ್ತದೆ. ದಾರಿ ತಪ್ಪದ ಹಾಗೆ ಬಂಡೆಗಳ ಮೇಲೆ, ಗೇಟಿನ ಕಂಬಗಳ ಮೇಲೆ ಅಂಗೈಯಗಲದ ಹಳದಿ ಪಟ್ಟಿ ಬಳಿಯುವುದು ಭಾವನ ಕೆಲಸ. ಒಟ್ಟು ನಾನೂರ ಹನ್ನೆರಡು ಗುರುತು. ಉಪ್ಪುಗಾಳಿ ತಿಂದುಹಾಕುವುದರಿಂದ ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಬಳಿಯಬೇಕು. ಬೆಳಿಗ್ಗೆ ಮನೆಯಿಂದ ಹೊರಟು ಬಳಿಯುತ್ತ ಬಂದು, ನನ್ನ ಅಡುಗೆಮನೆಯಲ್ಲಿ ಹೊಟ್ಟೆ ತುಂಬಾ ತಿಂದು, ಮೂರು ನಲವತ್ತರ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತ ಮನೆಗೆ ಹೋಗುವುದು ಅವರ ಮೂವತ್ತು ವರ್ಷದ ಪದ್ಧತಿ.

ನಾನು ಭಾವನನ್ನು ಎಷ್ಟು ಆಡಿಕೊಂಡರೂ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಗಂಡ ತೀರಿಕೊಂಡಾಗ ನನಗೆ ಉಳಿದದ್ದು ಸೋರುವ ಆರು ಕೋಣೆಗಳ ಒಂದು ಮನೆ. ‘ಇದನ್ನು ಮಾರಬೇಡ, ನಡೆಯೋರಿಗೆ ಮಲಗೋಕೆ ಜಾಗ ಬೇಕು’ ಎಂದು ಹೇಳಿ, ತಾವೇ ಏಣಿ ಹತ್ತಿ ಬೋರ್ಡು ಹೊಡೆದವರು ಅವರು. ಅಂದಿನಿಂದ ಆ ಹಳದಿ ಹಿಡಿದು ಬಂದವರ ಒದ್ದೆ ಕಾಲುಚೀಲಗಳು ನನ್ನ ಒಲೆಯ ಪಕ್ಕ ಒಣಗುತ್ತಿವೆ, ನನ್ನ ಮನೆ ನಡೆಯುತ್ತಿದೆ. ಆ ಋಣ ನನ್ನ ಮೇಲಿದೆ. ಇದನ್ನು ಅವರ ಎದುರಿಗೆ ಹೇಳಿದರೆ ಒಂದು ವಾರ ಅದರ ಮೇಲೇ ಪಾಠ ಮಾಡುತ್ತಾರೆಂದು ಬಾಯಿಬಿಟ್ಟಿಲ್ಲ.

ಕಳೆದ ವರ್ಷ ನನ್ನಲ್ಲಿ ಉಳಿದಿದ್ದ ಒಂದು ಜೋಡಿ ಗಂಡ ಹೆಂಡತಿ, ಇಬ್ಬರಿಗೂ ಅರವತ್ತು ದಾಟಿತ್ತು, ಬೆಳಿಗ್ಗೆ ಮಂಜಿನಲ್ಲೇ ಬಂದರಿನ ಕಡೆಗೆ ಹೊರಟರು. ಸಾಮಾನ್ಯವಾಗಿ ಎಲ್ಲರೂ ಬಂದರಿನಲ್ಲಿ ರೈಲಿಳಿದು ನನ್ನ ಕಡೆಗೆ ನಡೆದು ಬಂದು, ಬಸ್ಸು ಹತ್ತಿ ಹೋಗುತ್ತಾರೆ. ಇವರು ತಿರುವುಮುರುವು. ‘ಹಳದಿ ಹಿಡಿದು ಹೋಗಿ’ ಎಂದು ನಾನೇ ಕಳಿಸಿದೆ. ನಡುದಾರಿಯಲ್ಲಿ ಒಂದು ಆಳದ ಕೊರಕಲಿದೆ. ಅಲ್ಲಿ ದಾರಿ ಕಡಲು ಬಿಟ್ಟು ಹೊಲಗಳಿಗೆ ತಿರುಗಬೇಕು, ಅಕ್ಕಪಕ್ಕ ಮೂರು ಗೇಟುಗಳಿವೆ. ಅವರು ಬಲಗಡೆಯ ಗೇಟು ಹೊಕ್ಕು ಕೆಳಗಿನ ಮರಳಿಗೆ ಇಳಿದುಬಿಟ್ಟರು. ನೀರು ಏರಿತು. ಮಧ್ಯಾಹ್ನ ಮೀನುಗಾರರ ದೋಣಿ ನೋಡದೇ ಇದ್ದಿದ್ದರೆ ಏನಾಗುತ್ತಿತ್ತೋ. ಗಂಡನ ಕಾಲು ಉಳುಕಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ, ದೇವರು ದೊಡ್ಡವನು. ಅವರು ಕಾಲುದಾರಿ ನೋಡಿಕೊಳ್ಳುವ ಕಚೇರಿಗೆ ಸಿಟ್ಟಿಲ್ಲದೆ ಒಂದು ಪತ್ರ ಬರೆದರು: ದಾರಿಯುದ್ದಕ್ಕೂ ನಮಗೆ ಒಂದು ಗುರುತೂ ಕಾಣಲಿಲ್ಲ.

ದಾರಿ ಕಚೇರಿಯಿಂದ ಭಾವನಿಗೆ ಕಾಗದ ಬಂತು. ತಿಂಗಳ ಕೊನೆಗೆ ಅಧಿಕಾರಿಯೊಬ್ಬರು ಉತ್ತರದಿಂದ ದಕ್ಷಿಣಕ್ಕೆ ಒಬ್ಬರೇ, ನಕ್ಷೆಯಿಲ್ಲದೆ ನಡೆಯುತ್ತಾರೆ. ದಾರಿ ತಪ್ಪಿದರೆ ಹನ್ನೊಂದು ಕಿಲೋಮೀಟರನ್ನೂ ಮುಚ್ಚಲಾಗುತ್ತದೆ.

“ಒಂದೂ ಕಾಣಲಿಲ್ವಂತೆ! ಕಣ್ಣು ಮುಚ್ಕೊಂಡು ನಡೆದ್ರೆ ಎಲ್ಲಿ ಕಾಣುತ್ತೆ?” ಭಾವ ನನ್ನ ಮೇಜು ಗುದ್ದಿದರು, ಚಹಾ ಚೆಲ್ಲಿತು.

“ಭಾವ, ನೀವು ಯಾವತ್ತಾದ್ರೂ ಇಲ್ಲಿಂದ ನಿಮ್ಮನೆಗೆ ನಡೆದು ಹೋಗಿದ್ದೀರಾ?”

“ನನ್ನ ದಾರಿಯನ್ನ ನನಗೇ ತೋರಿಸಿಕೊಡ್ತೀಯಾ ನೀನು?”

“ತೋರಿಸಲ್ಲ. ನಿಮ್ಮ ಹಿಂದೆ ಬರ್ತೀನಿ. ನಡೀರಿ.”

ಬಾಗಿಲಿಗೆ ಬೀಗ ಹಾಕಿ ಹೊರಟೆವು. ಭಾವ ಎದೆ ಉಬ್ಬಿಸಿಕೊಂಡು ಮುಂದೆ. ಮೊದಲ ಬಂಡೆ ಬಂತು, ಬರೀ ಬೂದು ಬಣ್ಣ. “ಉಪ್ಪು ತಿಂದಿರಬೇಕು” ಎಂದರು. ಎರಡನೆಯದೂ ಬೂದು. ಮೂರನೆಯ ಬಂಡೆಯನ್ನು ಸುತ್ತು ಹಾಕಿ ಆ ಕಡೆ ಹೋಗಿ ನೋಡಿದರು. ದಕ್ಷಿಣದ ಮುಖದಲ್ಲಿ ಹಳದಿ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಮನೆಯಿಂದ ಬರುವವನ ಕಣ್ಣಿಗೆ ಕಾಣುವ ಹಾಗೆ ಎಲ್ಲವನ್ನೂ ಒಂದೇ ಕಡೆ ಬಳಿದಿದ್ದರು, ಮೂವತ್ತು ವರ್ಷ. ವಾಪಸು ಹೋಗುವಾಗ ಬಸ್ಸು ಇತ್ತಲ್ಲ! ಅಲ್ಲಿಂದ ಮುಂದೆ ಅವರ ಪಾಠ ನಿಂತುಹೋಯಿತು.

ಮೂರು ಗೇಟಿನ ಹತ್ತಿರ ಒಂದು ಕ್ಷಣ ನಿಂತು, ಧೈರ್ಯವಾಗಿ ನಡುವಿನದನ್ನು ತೆರೆದರು. ಕಾಲು ಗಂಟೆಯ ಮೇಲೆ ನಾವಿಬ್ಬರೂ ಮುಳ್ಳುಬೇಲಿಯ ಮೂಲೆಯಲ್ಲಿ, ಏಳೆಂಟು ಹಸುಗಳ ನಡುವೆ ನಿಂತಿದ್ದೆವು. ಆ ಹಸುಗಳ ಒಡತಿ ಬಕೆಟ್ಟು ಹಿಡಿದು ಬಂದವಳು ಕಣ್ಣರಳಿಸಿದಳು. “ಮೇಷ್ಟ್ರೇ, ನೀವೇನು ಇಲ್ಲಿ? ದಾರಿ ಆ ಕಡೆ ಅಲ್ವಾ?”

ಭಾವ ಕಲ್ಲಿನ ಗೋಡೆಯ ಮೇಲೆ ಕೂತುಬಿಟ್ಟರು. “ನನಗೇ ತಪ್ಪಿಹೋಯ್ತಲ್ಲೇ” ಎಂದರು. ಹೊರಡುವಾಗಿನಿಂದ ಇಂಥದೊಂದು ಗಳಿಗೆಗೆ ನಾಲ್ಕು ಚುಚ್ಚುಮಾತು ಕೂಡಿಟ್ಟುಕೊಂಡಿದ್ದ ನಾನು ಅವೆಲ್ಲವನ್ನೂ ನುಂಗಿಕೊಂಡು ಅವರ ಪಕ್ಕ ಕೂತೆ.

ಮನೆ ಸೇರಿದಾಗ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು. ಭಾವ ನಡೆದದ್ದನ್ನು ಹೇಳಿದರು. ಅಕ್ಕ ತಲೆಯೆತ್ತಲೇ ಇಲ್ಲ.

“ಮೂರು ಗೇಟಿನ ಹತ್ರಾನಾ? ಎಡಗಡೆದು. ದಾಟಿ ಹತ್ತು ಹೆಜ್ಜೆ ಹೋಗಿ ಹಿಂದೆ ತಿರುಗಿ ನೋಡ್ಬೇಕು. ಕಂಬದ ಮೇಲೆ ಹಳದಿ ಇದ್ರೆ ಸರಿಯಾದ ದಾರಿ.”

“ನಿನಗೆ ಹೇಗೆ ಗೊತ್ತು?”

“ಗುರುವಾರ ಗುರುವಾರ ನಾನು ಹೇಗೆ ಮನೆಗೆ ಬರ್ತೀನಿ ಅಂದ್ಕೊಂಡಿದ್ರಿ?”

ಅಕ್ಕ ವಾರಕ್ಕೊಂದು ದಿನ ನನ್ನಲ್ಲಿಗೆ ಬಂದು ಹಾಸಿಗೆಬಟ್ಟೆ ಒಗೆಯಲು ಕೈಜೋಡಿಸುತ್ತಾಳೆ. ಬೆಳಿಗ್ಗೆ ಹಾಲಿನ ವ್ಯಾನಿನ ಹಿಂದೆ ಗಾಳಿಗೆ ಕೂತು ಬರುತ್ತಾಳೆ. ಬಸ್ಸಿನೊಳಗೆ ಕೂತರೆ ಮೂರನೇ ತಿರುವಿಗೆ ವಾಂತಿ. ಹಾಗಾಗಿ ವಾಪಸು ಹೋಗುವುದು ನಡೆದೇ. ಭಾವನಿಗೆ ಗುರುವಾರ ಕಚೇರಿಯ ದಿನ, ಸಂಜೆ ಬರುವಷ್ಟರಲ್ಲಿ ಹೆಂಡತಿ ಒಲೆಯ ಮುಂದೆ ಇರುತ್ತಿದ್ದಳು, ಅಷ್ಟು ಸಾಕಿತ್ತು. ಭಾವನನ್ನು ಯಾಕೆ ಅನ್ನಲಿ? ವಾರವಾರ ಅವಳನ್ನು ಬಾಗಿಲ ತನಕ ಕಳಿಸಿಕೊಟ್ಟ ನಾನೂ, ದಾರಿ ಹೇಗೆ ಗುರುತು ಹಿಡಿಯುತ್ತೀಯಾ ಎಂದು ಒಂದು ದಿನವೂ ಕೇಳಲಿಲ್ಲ.

“ಮೊದಲೇ ಹೇಳಬಾರದಿತ್ತಾ?” ಭಾವ ಕೇಳಿದರು.

“ಹೇಳಿದ್ದೆ. ಮದುವೆಯಾದ ಎರಡನೇ ವರ್ಷ. ‘ಬಣ್ಣ ನನ್ನ ಕೆಲಸ, ನಿನಗೇನು ಗೊತ್ತು’ ಅಂದ್ರಿ. ಆಮೇಲೆ ನನಗೂ ರೂಢಿ ಆಯ್ತು, ಬಿಡಿ. ತಟ್ಟೆ ಹಾಕ್ಲಾ?”

ಉಳಿದಿದ್ದದ್ದು ಹತ್ತೊಂಬತ್ತು ದಿನ. ಪ್ರತಿ ಬಂಡೆಯ ಹಿಂಭಾಗಕ್ಕೂ ಬಳಿದರೆ ಮುಗಿಯಿತು ಎಂದು ಭಾವ ಲೆಕ್ಕ ಹಾಕಿದ್ದರು. ಅಕ್ಕ ಒಪ್ಪಲಿಲ್ಲ. “ಬಸ್ಸಿನ ಕಡೆಯಿಂದ ಬರೋರಿಗೆ ಅದರಲ್ಲಿ ಎಷ್ಟೋ ಬಂಡೆ ಕಾಣೋದೇ ಇಲ್ಲ ರೀ. ಡಬ್ಬಿ ಹಿಡ್ಕೊಂಡು ನನ್ನ ಹಿಂದೆ ಬನ್ನಿ” ಎಂದಳು.

ಮರುದಿನದಿಂದ ಶುರುವಾಯಿತು. ಅಕ್ಕ ಎಂದಿನಂತೆ ನನ್ನ ಮನೆಯಿಂದ ಬಂದರಿನ ಕಡೆಗೆ ಮುಂದೆ ನಡೆಯುವುದು. ಹಿಂದೆ ತಿರುಗಬೇಕು ಎಂದು ಕತ್ತು ತಾನಾಗಿ ಹೊರಳುವ ಕಡೆ ನಿಂತು ಕೈ ಎತ್ತುವುದು. ಅಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತದೋ, ಬಂಡೆಯೋ ಕಂಬವೋ ಗೋಡೆಯ ಕಲ್ಲೋ, ಅದಕ್ಕೆ ಭಾವ ಹಳದಿ ಬಳಿಯುವುದು. ಮೊದಲ ದಿನ ಭಾವ ಪ್ರತಿ ಕಲ್ಲಿಗೂ ವಾದ ಮಾಡಿದರು. “ಇಲ್ಲಿ ಯಾಕೆ? ದಾರಿ ನೆಟ್ಟಗಿದೆಯಲ್ಲ!” “ನಿಮಗೆ ನೆಟ್ಟಗಿದೆ. ಮಂಜು ಬಿದ್ದಾಗ ಇಲ್ಲೇ ನನಗೆ ಭಯ ಆಗ್ತಿದ್ದದ್ದು.” ಆ ಮಾತು ಕೇಳಿದ ಮೇಲೆ ಅವರು ವಾದ ಮಾಡಲಿಲ್ಲ. ಮಂಡಿ ನೋವಿನವರು, ಕುಕ್ಕರುಗಾಲಲ್ಲಿ ಕೂತು ಏಳುವಾಗ ಅಕ್ಕ ತೋಳು ಹಿಡಿಯುತ್ತಿದ್ದಳು. ನಾನು ಬುತ್ತಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕಿನಲ್ಲಿ ಚಹಾ ಒಯ್ದರೆ, ಇಬ್ಬರೂ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಏನೋ ಹೇಳಿಕೊಂಡು ನಗುತ್ತಿರುತ್ತಿದ್ದರು. ನನ್ನನ್ನು ಕಂಡೊಡನೆ ಭಾವ ಗಂಭೀರರಾಗುತ್ತಿದ್ದರು.

ಅಧಿಕಾರಿ ಬಂದರು, ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ನನ್ನಲ್ಲಿ ಚಹಾ ಕುಡಿದು, ಒಂದು ಮಾತೂ ಕೇಳದೆ, ಒಂಬತ್ತಕ್ಕೆ ಸರಿಯಾಗಿ ಹೊರಟರು. ಒಂದು ಗಂಟೆಗೆ ಬಂದರು ತಲುಪಬೇಕು. ನಾನು ಬಸ್ಸು ಹಿಡಿದು ಮೊದಲೇ ಹೋಗಿ, ದಾರಿ ಮುಗಿಯುವ ಮೆಟ್ಟಿಲ ಮೇಲೆ ಅಕ್ಕ ಭಾವನ ಪಕ್ಕ ಕೂತೆ. ಒಂದಾಯಿತು. ಒಂದೂವರೆ ಆಯಿತು. ಎರಡೂ ಆಯಿತು.

“ಮೂರು ಗೇಟು” ಎಂದು ಭಾವ ಎದ್ದು ನಿಂತರು. “ನಾನು ಹೋಗಿ ನೋಡ್ತೀನಿ.”

“ಕೂತ್ಕೊಳ್ಳಿ” ಎಂದಳು ಅಕ್ಕ. “ಅಲ್ಲಿ ತಪ್ಪಲ್ಲ.” ಹಾಗೆಂದವಳ ಕೈ ನನ್ನ ಮೊಣಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿತ್ತು. ಈ ದಾರಿ ಮುಚ್ಚಿದರೆ ಭಾವ ಏನಾಗುತ್ತಾರೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಎರಡು ಇಪ್ಪತ್ತಕ್ಕೆ ಅಧಿಕಾರಿ ಏರಿನ ಮೇಲೆ ಕಾಣಿಸಿಕೊಂಡರು, ಆರಾಮಾಗಿ ಕೈ ಬೀಸಿಕೊಂಡು. “ಕ್ಷಮಿಸಿ. ಊಟ ಮಾಡಿ ಬಂಡೆಗೆ ಒರಗಿದ್ದೆ, ಕಣ್ಣು ಹತ್ತಿಬಿಡ್ತು” ಎಂದು ನಕ್ಕರು. ಭಾವ ಅಲ್ಲೇ ಧೊಪ್ಪೆಂದು ಕೂತರು. “ದಾರಿ ಎಲ್ಲೂ ತಪ್ಪಲಿಲ್ಲ. ಒಂದು ವಿಷಯ ಕೇಳ್ಬೇಕು. ಸರಿಯಾಗಿ ಹೋಗ್ತಿದ್ದೀನಾ ಅಂತ ಅನುಮಾನ ಬರೋ ಹೊತ್ತಿಗೆ ಎದುರಿಗೆ ಹಳದಿ ಇರ್ತಿತ್ತು. ಪ್ರತಿ ಸಲವೂ. ಜಾಗ ಆರಿಸಿದ್ದು ಯಾರು?”

ಈಗ ಶುರುವಾಯಿತು ಪಾಠ ಎಂದುಕೊಂಡೆ. ಭಾವ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಇವಳು, ಮೇಡಂ. ನನ್ನ ಹೆಂಡತಿ. ಮೂವತ್ತು ವರ್ಷ ಇವಳು ಹತ್ತು ಹೆಜ್ಜೆಗೊಂದ್ಸಲ ಹಿಂದೆ ತಿರುಗಿ ನೋಡ್ಕೊಂಡು ಮನೆ ಸೇರಿದ್ಲು. ನಾನು ಬಸ್ಸಲ್ಲಿ ನಿದ್ದೆ ಮಾಡ್ತಿದ್ದೆ. ಒಂದ್ಸಲ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಬರ್ಕೊಳ್ಳೋದಾದ್ರೆ ಇವಳ ಹೆಸರು ಬರ್ಕೊಳ್ಳಿ.” ಟೋಪಿಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಅಧಿಕಾರಿ ಅಕ್ಕನ ಕಡೆ ನೋಡಿದರು. ಅಕ್ಕನಿಗೆ ಅಧಿಕಾರಿಗಳ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಅವಳು ಗಂಡನಿಗೇ ಹೇಳಿದಳು, ಮನೆಯಲ್ಲಿ ಹೇಳುವ ಹಾಗೆ.

“ಅಳೋದ್ಯಾಕೆ ಈಗ? ಹಿಂದೆ ತಿರುಗಿದಾಗೆಲ್ಲ ನಿಮ್ಮ ಹಳದಿ ಇತ್ತಲ್ಲ. ಅದು ಇದ್ದದ್ದಕ್ಕೇ ನಾನು ಮನೆ ಸೇರಿದ್ದು.”