ಕರಗಿಸದೆ ಕೂಡಿಸಿದವರು

ಬೇರೆ ಬೇರೆ ಜಾತಿಯ ಅಲ್ಯೂಮಿನಿಯಂ ಬೆಸೆಯಲಾಗದೆಂದು ಎಲ್ಲರೂ ಹೇಳಿದ್ದರು, ನಾನು ನಂಬಲಿಲ್ಲ. ಹೆಂಡತಿಯ ಗಾಲಿಕುರ್ಚಿಯ ಪಾದಹಲಗೆ ಅರ್ಧ ಮುರಿದು, ಅವಳು ಹೊಸ್ತಿಲು ದಾಟದೆ ತಿಂಗಳಾಗಿತ್ತು. ಉಳಿದರ್ಧಕ್ಕೆ ಬೇರೊಂದು ಜಾತಿಯ ಹಲಗೆ ಕೂಡಿಸಲು ಸಿಂದಗಿಯ ಬೆಸುಗೆ ಮೇಸ್ತ್ರಿಯಲ್ಲಿಗೆ ಒಯ್ದೆ.

"ಕರಗಸೂದಲ್ರೀ ಕಾಕಾ, ನಾದೂದು," ಎಂದು ಅವರು ಹಿಟ್ಟು ನಾದುವ ಹಾಗೆ ಅಂಗೈ ಆಡಿಸಿದರು. ಯಂತ್ರದ ತಿರುಗುವ ಮೊಳೆ ಸಂದಿನಗುಂಟ ಸಾಗಿ, ತಿಕ್ಕಾಟದ ಬಿಸಿಗೆ ಮೆತ್ತಗಾದ ಎರಡೂ ಲೋಹಗಳನ್ನು ಕಲಸಿತು.

ಮೊದಲ ಬೆಸುಗೆ ಅವರ ಕೈಯಲ್ಲೇ ಮುರಿಯಿತು.

"ಗಟ್ಟಿ ಹಲಗಿ ಬಲಕ್ಕ ಇಟ್ಟಿದ್ದೆ. ಮೊಳಿ ತಿರುಗೂ ದಿಕ್ಕಿಗೆ ಅದು ಎಡಕ್ಕ ಇರಬೇಕಿತ್ತು. ತಪ್ಪು ನಂದರಿ."

ಅದಲುಬದಲು ಮಾಡಿ ಮತ್ತೆ ನಾದಿದರು. ಬೆಸೆದ ಹಲಗೆಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ತಾವೇ ಹತ್ತಿ ನಿಂತರು.

"ಇಳೀರಿ, ಬಿದ್ದೀರಿ!" ಎಂದೆ.

"ನಾ ಬಿದ್ರ ನಗ್ತೀರಿ. ಕಾಕು ಬಿದ್ರ?"

ಹಲಗೆ ಬಾಗಲಿಲ್ಲ. ಮರುದಿನ ಕುರ್ಚಿಗೆ ಜೋಡಿಸಿದಾಗ ಅದರ ಮೇಲೆ ಪಾದವೂರಿದ ಹೆಂಡತಿ ಅಂದಳು: "ಏನ್ ನೋಡ್ತೀರಿ? ನೂಕ್ರಿ, ನನ್ನ ತಂಗಿ ಮನೀತನಕ."